ಕೊಂಗ್ಸಿಯ ಗೋಡೆ ಮತ್ತು ಒಂದು ಚೀಲ ಸಿಮೆಂಟು

ಹಳೆಯ ಕಟ್ಟಡಕ್ಕೆ ಕಾಲಿಟ್ಟರೆ ನಾನು ಮೊದಲು ನೋಡುವುದು ಗೋಡೆಯ ಬುಡವನ್ನು. ಕಟ್ಟಡ ಸಂರಕ್ಷಣೆಯ ಕೆಲಸದಲ್ಲಿ ಅಂಟಿದ ಚಾಳಿ. ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಜಾರ್ಜ್ ಟೌನ್‌ನಲ್ಲಿರುವ ಚೀನೀ ಮೂಲದ ಖೂ ಕುಲದವರ ಕಟ್ಟಡವಾದ ಖೂ ಕೊಂಗ್ಸಿಯ ಎದುರು ಮಾತ್ರ ಆ ಶಿಸ್ತು ನಡೆಯಲಿಲ್ಲ. ಚಾವಣಿಯ ನೆತ್ತಿ ಎರಡೂ ತುದಿಯಲ್ಲಿ ಕವಲುಬಾಲದಂತೆ ಮೇಲೆದ್ದಿದೆ. ಅದರ ತುಂಬ ಡ್ರ್ಯಾಗನ್, ಹೂಬಳ್ಳಿ, ಯೋಧರು. ಎಲ್ಲವೂ ಪಿಂಗಾಣಿ ಬಟ್ಟಲಿನ ಚೂರುಗಳೇ! ಕುಶಲಕರ್ಮಿ ಬಣ್ಣದ ಬಟ್ಟಲನ್ನು ಇಕ್ಕಳದಲ್ಲಿ ಎಸಳೆಸಳಾಗಿ ಕತ್ತರಿಸಿ, ಗಾರೆಯ ಗೊಂಬೆಗೆ ಒಂದೊಂದಾಗಿ ಒತ್ತುತ್ತಾನೆ. ಬಳಿದ ಬಣ್ಣವಾದರೆ ಅಲ್ಲಿನ ಬಿಸಿಲುಮಳೆಗೆ ಬೇಗ ಮಾಸುತ್ತದೆ. ಪಿಂಗಾಣಿಗೆ ಮಳೆಯೆಂದರೆ ಸ್ನಾನ.

ನೋಡಿದವರು ಇದನ್ನು ದೇವಸ್ಥಾನವೆನ್ನುತ್ತಾರೆ. ಅದು ಅರ್ಧ ಸತ್ಯ. ಕೊಂಗ್ಸಿಯೆಂದರೆ ಒಂದೇ ಕುಲನಾಮದವರ ಮನೆ. ನಮ್ಮ ಬೆಡಗು, ಬಳಿಗಳಿಗೆ ಸ್ವಂತ ಕಟ್ಟಡ, ಆಸ್ತಿ, ಲೆಕ್ಕಪುಸ್ತಕ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೆ. ನಡುವೆ ದೇವರು, ಪಕ್ಕದಲ್ಲೇ ಪೂರ್ವಜರ ಹೆಸರು ಕೆತ್ತಿದ ಹಲಗೆಗಳು. ಹಡಗಿಳಿದು ಬಂದ ನೆಂಟನಿಗೆ ಆಸರೆ, ಜಗಳಕ್ಕೆ ಪಂಚಾಯಿತಿ, ಸತ್ತವರಿಗೆ ಸಂಸ್ಕಾರ ಎಲ್ಲವೂ ಇಲ್ಲಿಂದಲೇ ನಡೆಯುತ್ತಿತ್ತು. ಖರ್ಚಿಗೆ ಕುಲದ ಅಂಗಡಿಮನೆಗಳ ಬಾಡಿಗೆ. ಚೀನಾದ ಫುಜಿಯನ್ ಪ್ರಾಂತ್ಯ ಮೂಲದ ಖೂ, ಚಿಯಾ, ಯೋ, ಲಿಮ್, ತಾನ್ ಇಲ್ಲಿನ ಐದು ದೊಡ್ಡ ಕುಲಗಳು. ಯಾವ ಕುಲದವರಾದರೂ ಕೈಮುಗಿಯುವ ಗುಡಿ ಬೇಕೆಂದರೆ ಕರುಣೆಯ ದೇವತೆ ಕುವಾನ್ ಯಿನ್ ಸನ್ನಿಧಿಗೆ ಹೋಗಬೇಕು. ಅದೇ ಬೀದಿಯಲ್ಲಿ ಕಪಿತಾನ್ ಕೆಲಿಂಗ್ ಮಸೀದಿಯೂ ಇದೆ.

ಖೂ ಕುಲದ ಹಿಂದಿನ ಕಟ್ಟಡ 1901ರಲ್ಲಿ ಸುಟ್ಟುಹೋಯಿತು. ಚಕ್ರವರ್ತಿಯ ಅರಮನೆಯನ್ನು ಮೀರಿಸಲು ಹೊರಟಿದ್ದಕ್ಕೆ ದೇವರು ಮುನಿದರಂತೆ. ಈಗಿನದು 1906ರದು, ಮೊದಲಿನದಕ್ಕಿಂತ ಚಿಕ್ಕದು. ಇಂಥ ಕಥೆ ಕೇಳಿದಾಗ ನನ್ನ ವೃತ್ತಿಯವರಿಗೆ ದೇವರಿಗಿಂತ ಮೊದಲು ಊದುಬತ್ತಿಯ ಮೇಲೆ ಅನುಮಾನ ಬರುತ್ತದೆ.

ಆದರೆ ಬೆಂಕಿಗಿಂತ ಹೆಚ್ಚು ಕಟ್ಟಡಗಳನ್ನು ಹಾಳು ಮಾಡುವುದು ನೀರು. ಈ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದವು. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ದಾರಿ ಕಟ್ಟಿತು; ತೇವ ಇನ್ನಷ್ಟು ಮೇಲೇರಿ, ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಚುಲಿಯಾ ಬೀದಿಯಲ್ಲಿ ತಿಯೋಚ್ಯೂ ಎಂಬ ಚೀನೀ ನುಡಿಯಾಡುವವರ ಹಾನ್ ಜಿಯಾಂಗ್ ಪೂರ್ವಜರ ಮಂದಿರವಿದೆ. ನಡುವಿನ ಅಂಗಳಕ್ಕೆ ಮಳೆ ನೇರ ಬೀಳುವ ಅದರ ರಚನೆ ನಮ್ಮ ತೊಟ್ಟಿಮನೆಯದೇ. ಜೀರ್ಣೋದ್ಧಾರಕ್ಕಾಗಿ 2006ರಲ್ಲಿ ಅದಕ್ಕೆ ಯುನೆಸ್ಕೊ ಪ್ರಶಸ್ತಿ ಬಂತು. 2008ರಲ್ಲಿ ಜಾರ್ಜ್ ಟೌನ್ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಪಟ್ಟಿ ಏನೇ ಇರಲಿ, ಎಲ್ಲ ಊರಿನ ಹಿರಿಯರೂ ಒಂದೇ ಪ್ರಶ್ನೆ ಕೇಳುತ್ತಾರೆ: ಸುಣ್ಣಕ್ಕೆ ಕಾಯುವುದೇಕೆ, ಸಿಮೆಂಟು ಗಟ್ಟಿಯಲ್ಲವೇ? ನಾನು ವಾದಿಸುವುದಿಲ್ಲ. ವೃತ್ತಿಯ ಆರಂಭದಲ್ಲಿ ಕರಾವಳಿಯ ಹಳೆಯ ಮನೆಯೊಂದಕ್ಕೆ ನಾನೇ ಸಿಮೆಂಟು ಹೊಡೆಸಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಪ್ಪಳದಂತೆ ಎದ್ದು ನಿಂತಿತ್ತು. ಆ ಫೋಟೋ ಈಗಲೂ ಮೊಬೈಲಿನಲ್ಲಿದೆ, ತೆಗೆದು ತೋರಿಸುತ್ತೇನೆ.