‘ನರದ ಆಪರೇಷನ್’ ಆದ ಮೇಲೆ ಕಾಲು ಮರಗಟ್ಟಿದರೆ

ಕಾಲ ಮೇಲೆ ಸುರುಳಿಸುತ್ತಿ ಉಬ್ಬುವ ರಕ್ತನಾಳವೂ ನಮ್ಮ ಆಡುಮಾತಿನಲ್ಲಿ ‘ನರ’, ಸ್ಪರ್ಶ ತಿಳಿಸುವುದೂ ‘ನರ’. ಹೀಗಾಗಿ ವೆರಿಕೋಸ್ ವೇನ್ಸ್ ಆಪರೇಷನ್ ಮಾಡಿಸಿಕೊಂಡವರು ‘ನರ ತೆಗೆಸಿದ ಮೇಲೆ ಕಾಲು ಜೋಮು’ ಎಂದರೆ, ನರ ತೆಗೆದರೆ ಜೋಮು ಬಾರದೆ ಇರುತ್ತದೆಯೇ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ತೆಗೆದದ್ದು ರಕ್ತನಾಳ. ಜೋಮು ಬಂದಿದ್ದರೆ ಪೆಟ್ಟು ಬಿದ್ದಿರುವುದು ಅದರ ಪಕ್ಕದ ನರಕ್ಕೆ.

1890ರ ದಶಕದಲ್ಲಿ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಹೀಗೆ ಉಬ್ಬಿದ ರಕ್ತನಾಳವನ್ನು ತೊಡೆಯಲ್ಲಿ ಕಟ್ಟಿದರು. 1905ರಿಂದ 1907ರೊಳಗೆ ಅಮೆರಿಕದ ಶಸ್ತ್ರವೈದ್ಯರಾದ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ಅದನ್ನು ಎಳೆದು ತೆಗೆಯುವ ದಾರಿ ತೋರಿಸಿದರು. ಮುಂದೆ ದಶಕಗಟ್ಟಲೆ ತೊಡೆಸಂದಿನಿಂದ ಹರಡಿನವರೆಗೂ ಎಳೆದದ್ದೇ ಎಳೆದದ್ದು. ಮೊಣಕಾಲ ಕೆಳಗೆ, ಸ್ಪರ್ಶ ತಿಳಿಸುವ ಸಫೀನಸ್ ನರ ಆ ರಕ್ತನಾಳಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಎಳೆಯುವಾಗ ಅದೂ ಕಿತ್ತುಹೋಗುತ್ತಿತ್ತು. ಎಳೆಯುವುದನ್ನು ಮೊಣಕಾಲ ಬಳಿಯೇ ನಿಲ್ಲಿಸಿದ ಮೇಲೆ ತೊಂದರೆ ತಗ್ಗಿತು. ಈ ಶತಮಾನದ ಹೊಸ್ತಿಲಲ್ಲಿ, ರಕ್ತನಾಳವನ್ನು ಎಳೆಯದೆ ಒಳಗಿನಿಂದಲೇ ಸುಟ್ಟು ಮುಚ್ಚುವ ಲೇಸರ್, ರೇಡಿಯೋ ತರಂಗದ ಶಾಖ ಬಂದವು. ರಕ್ತನಾಳದ ಸುತ್ತ ದ್ರವ ತುಂಬಿ ನರವನ್ನು ದೂರ ಸರಿಸುತ್ತಾರೆ. ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಗೋಜಲು ಶುರುವಾಗುವುದು ಪತ್ತೆ ಮಾಡುವಲ್ಲಿ. ಕಾಲಿನ ಒಳಬದಿ ಮರಗಟ್ಟಿದರೆ ಸಫೀನಸ್, ಪಾದದ ಹೊರಅಂಚು ಮರಗಟ್ಟಿದರೆ ಸೂರಲ್ ನರದ ಮೇಲೆ ಅನುಮಾನ. ಪಾದವೇ ಜೋತುಬಿದ್ದು ಚಪ್ಪಲಿ ಕಳಚಿಹೋಗುತ್ತಿದ್ದರೆ ಮೊಣಕಾಲ ಹೊರಬದಿಯ ಪೆರೋನಿಯಲ್ ನರ ನೋಡಬೇಕು. ಬಿಗಿಯಾದ ಬ್ಯಾಂಡೇಜೂ ಅದನ್ನು ಒತ್ತಬಲ್ಲದು. ಆದರೆ ಸೊಂಟದಲ್ಲಿ ಡಿಸ್ಕ್ ಜಾರಿ ಅಲ್ಲಿಂದ ಕಾಲಿಗೆ ಇಳಿಯುವ ನರದ ಬುಡವನ್ನು (ಎಲ್5 ಬೇರು) ಒತ್ತಿದರೂ ಪಾದ ಜೋಲುತ್ತದೆ. ಅಂಗಾಲನ್ನು ಒಳಕ್ಕೆ ತಿರುಗಿಸಲು ಹೇಳಿ: ಬಲ ಸರಿಯಿದ್ದರೆ ಪೆರೋನಿಯಲ್ ಕಡೆಗೆ, ಅದೂ ಕುಂದಿದ್ದರೆ ಸೊಂಟದ ಕಡೆಗೆ ಬೆರಳು ತೋರಿಸುತ್ತದೆ. ಯಾವ ಯಂತ್ರವೂ ಬೇಡದ ಈ ಒಂದು ನಿಮಿಷದ ಪರೀಕ್ಷೆಯನ್ನು ಬಿಟ್ಟು ನೇರ ಸ್ಕ್ಯಾನಿಗೆ ಚೀಟಿ ಬರೆಯುವುದು ಸರಿಯಲ್ಲ.

ಯಂತ್ರದ ಪರೀಕ್ಷೆಗೂ ಕಾಲ ಕೂಡಿಬರಬೇಕು. ತುಂಡಾದ ನರದ ಕೆಳಭಾಗ ಕೆಲವು ದಿನ ವಿದ್ಯುತ್ ಸಂಕೇತ ಒಯ್ಯುತ್ತಲೇ ಇರುತ್ತದೆ. ಸ್ನಾಯುವಿನಲ್ಲಿ ಹಾನಿಯ ಗುರುತು ಇಎಂಜಿಗೆ (ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ಸಿಗಲು ಎರಡು–ಮೂರು ವಾರ ಬೇಕು. ಮೊದಲ ವಾರದ ‘ನಾರ್ಮಲ್’ ರಿಪೋರ್ಟನ್ನು ಫೈಲಿನಲ್ಲಿಟ್ಟುಕೊಂಡು, ತಮ್ಮ ನೋವನ್ನು ತಾವೇ ಅನುಮಾನಿಸುತ್ತ ತಿಂಗಳುಗಟ್ಟಲೆ ತಿರುಗುವುದು ರೋಗಿಯ ಪಾಲಿಗೆ ಅನ್ಯಾಯ. ಸಫೀನಸ್ ಸಂಕೇತವಂತೂ ಊದಿದ ಕಾಲಿನಲ್ಲಿ, ವಯಸ್ಸಾದವರಲ್ಲಿ ಸಿಗುವುದೇ ಕಷ್ಟ. ಇನ್ನೊಂದು ಕಾಲಿನೊಂದಿಗೆ ಹೋಲಿಸದೆ ತೀರ್ಪು ಕೊಡಬಾರದು. ಹಾಗೆಂದು ಪಾದ ಜೋತುಬಿದ್ದವರು ಮೂರು ವಾರ ಕಾಯುವಂತಿಲ್ಲ, ಅದೇ ದಿನ ತೋರಿಸಬೇಕು. ನರ ತುಂಡಾಗಿದೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಬಹುದು.

1943ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಸೆಡನ್ ನರದ ಪೆಟ್ಟನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು: ತಾತ್ಕಾಲಿಕ ತಡೆ, ಒಳಗಿನ ತಂತುಗಳ ಹಾನಿ, ಪೂರ್ತಿ ತುಂಡು. ಮೊದಲನೆಯದು ವಾರಗಳಲ್ಲಿ ಮಾಯುತ್ತದೆ. ಎರಡನೆಯದರಲ್ಲಿ ತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಇಷ್ಟು ನಿಧಾನದ ಚೇತರಿಕೆಯನ್ನು ಅಳೆಯಬೇಕೆಂದರೆ ಆಪರೇಷನ್ನಿಗೆ ಮೊದಲೇ ಸ್ಪರ್ಶ ನೋಡಿ ಕೇಸ್ ಶೀಟಿನಲ್ಲಿ ಬರೆದಿಡಬೇಕು. ಆಮೇಲೆ ಹತ್ತಿಯೆಳೆಯಿಂದ ಕಾಲು ಸವರಿ, ಮರಗಟ್ಟಿದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಬೇಕು. ನರದ ಜಾಡಿನಲ್ಲಿ ಬೆರಳಿಂದ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಲ್ಲಿ ಮೂರು ಸೆಂಟಿಮೀಟರ್‌ನಷ್ಟು ಕೆಳಗಿಳಿದಿದ್ದರೆ, ನರ ಬೆಳೆಯುತ್ತಿದೆ.