ಕಾರಿನ ಮೈಮೇಲೆ ಸುಣ್ಣದ ಉಂಗುರ

ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಚರಂಡಿಗೆ ಬಿಡದೆ ಕಾರು ತೊಳೆಯಲು ಬಳಸಿ ಎಂಬ ಸಲಹೆ ಅಪಾರ್ಟ್‌ಮೆಂಟ್‌ಗಳಲ್ಲಿ ಆಗಾಗ ಕೇಳಿಬರುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಹೋಗಿ ಸೇರುವುದು ಆ ನೀರಿಗೇ. ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಆದೀತು; ಕಾರಿನ ಬಣ್ಣಕ್ಕೆ ಮನೆಯಲ್ಲಿ ಅದಕ್ಕಿಂತ ಕೆಟ್ಟ ನೀರು ಸಿಗಲಾರದು.

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಣ್ಣಿಗೆ ಕಾಣದು. ಹನಿ ಆರುವಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ನಾವು ಸುಣ್ಣ ಎನ್ನುವುದು, ಉಳಿಯುತ್ತದೆ. ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವುದೂ ಇದೇ. ಒಮ್ಮೆ ಕಟ್ಟಿದ್ದು ನೀರಿಗೆ ಮತ್ತೆ ಕರಗುವುದಿಲ್ಲವೆಂದೇ ಹೇಳಬೇಕು. ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಗಾಢ ಉಂಗುರ ಮೂಡುವಂತೆ ಇಲ್ಲೂ ಅಂಚು ಬೇಗ ಆರಿ, ಲವಣವೆಲ್ಲ ಅಲ್ಲಿಗೆ ಸರಿಯುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆ 600ರ ನೀರು 100 ಮಿ.ಲೀ.ಯಷ್ಟು ಬಾನೆಟ್ ಮೇಲೆ ಆರಿದರೆ ಹಿಂದೆ ಉಳಿಯುವುದು ಸುಮಾರು 60 ಮಿ.ಗ್ರಾಂ. ಸುಣ್ಣ.

ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಇದ್ದರೆ? ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ಅಂಕಿ ಇಳಿದಿರುವುದಿಲ್ಲ, ಕಲೆಯೂ ಬೀಳುತ್ತದೆ. ಆದರೆ ಸೋಡಿಯಂ ಲವಣ ಒದ್ದೆ ಬಟ್ಟೆಗೆ ಬಿಟ್ಟುಬರುತ್ತದೆ. ಹಾಗಾಗಿ ಮೀಟರಿನ ಅಂಕಿಯನ್ನಷ್ಟೇ ನಂಬುವಂತಿಲ್ಲ.

ಮನೆಯಲ್ಲಿ ವ್ಯರ್ಥವಾಗುವ ಇನ್ನೊಂದು ನೀರಿದೆ, ಎಸಿಯಿಂದ ತೊಟ್ಟಿಕ್ಕುವುದು. ಗಾಳಿಯ ತೇವವೇ ತಣಿದು ಇಳಿಯುವುದರಿಂದ ಅದರಲ್ಲಿ ಸುಣ್ಣವಿಲ್ಲ. ಮಂಗಳೂರಿನಂಥ ಸೆಕೆಯ ಊರಲ್ಲಿ ಒಂದು ರಾತ್ರಿಗೆ ಬಕೆಟ್ ತುಂಬುವುದೂ ಉಂಟು. ಧೂಳಿರುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಚಾವಣಿ ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರೂ ಸರಿಯೇ. ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತ್ತು. ಎಸಿ ನೀರಿಗೆ ಆ ತಂಟೆಯಿಲ್ಲ.

ಇಡೀ ಕಾರನ್ನು ಇದರಲ್ಲೇ ತೊಳೆಯಬೇಕಿಲ್ಲ. ನೆರಳಲ್ಲಿ, ಬಾನೆಟ್ ಕೈಗೆ ತಣ್ಣಗಿರುವಾಗ, ಚಾವಣಿಯಿಂದ ಶುರುಮಾಡಿ ಒಂದೊಂದೇ ಭಾಗವನ್ನು ಬೋರ್ ನೀರಿನಲ್ಲೇ ತೊಳೆಯಿರಿ. ಶಾಂಪೂ ನೊರೆ ಒಣಗಬಾರದು. ಕೊನೆಗೆ ಪೈಪಿನ ನಾಜಲ್ ತೆಗೆದು ನೀರನ್ನು ಮೇಲಿನಿಂದ ಮೆಲ್ಲಗೆ ಹರಿಯಬಿಟ್ಟರೆ, ಹನಿಗಳು ಚದುರದೆ ಹಾಳೆಯಂತೆ ಜಾರಿಹೋಗುತ್ತವೆ. ಆಮೇಲೆ ನಾಲ್ಕೈದು ಲೀಟರ್ ಎಸಿ ನೀರನ್ನು ಮಗ್ಗಿನಿಂದ ಸುರಿದು, ಬೋರ್ ನೀರು ಇಳಿದುಹೋಗುವಂತೆ ಮಾಡಿ. ಒರೆಸಲು 400 ಜಿಎಸ್‌ಎಂಗೆ (ಚದರ ಮೀಟರಿಗೆ 400 ಗ್ರಾಂ ತೂಕ) ಕಡಿಮೆಯಿಲ್ಲದ ಮೈಕ್ರೋಫೈಬರ್ ಬಟ್ಟೆ. ಉಜ್ಜಬೇಡಿ, ಹಾಸಿ ಎಳೆಯಿರಿ. ಈ ಬಟ್ಟೆಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳ ಮೇಲೆ ಪೊರೆ ಕೂತು ನೀರು ಹೀರುವುದೇ ನಿಲ್ಲುತ್ತದೆ. ಕನ್ನಡಿಯ ಸಂದು, ಬಾಗಿಲ ಹಿಡಿ, ನಂಬರ್ ಪ್ಲೇಟಿನ ಹಿಂದೆ ಅಡಗಿದ ನೀರು ಹತ್ತು ನಿಮಿಷ ಬಿಟ್ಟು ಇಳಿಯುತ್ತದೆ, ಅದಕ್ಕೊಂದು ಒಣ ಬಟ್ಟೆ ಇರಲಿ.

ನೀರು ನಿಲ್ಲದಂತೆ ಬಣ್ಣದ ಮೇಲೆ ಬಳಿಯುವ ಸೆರಾಮಿಕ್ ಕೋಟಿಂಗ್ ಹಾಕಿಸಿದರೆ ಕಲೆಯೇ ಕೂರದು ಎನ್ನುವುದು ಅರ್ಧ ಸತ್ಯ. ಹನಿಗಳು ಗುಂಡಾಗುತ್ತವೆ, ಜಾರುತ್ತವೆ; ಜಾರದೆ ಉಳಿದ ಹನಿ ತನ್ನ ಸುಣ್ಣವನ್ನೆಲ್ಲ ಚಿಕ್ಕ ಜಾಗದಲ್ಲೇ ಬಿಡುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ತಾರಸಿಯಿಂದ ಸೋರುವ ಹನಿ ಇನ್ನೂ ಕೆಟ್ಟದ್ದು. ಅದು ಕಾಂಕ್ರೀಟಿನ ಕ್ಷಾರವನ್ನೇ ಹೊತ್ತು ತರುತ್ತದೆ. ಕಂಡ ದಿನವೇ ತೆಗೆಯಿರಿ.

ತೆಗೆಯಲು ಬಿಳಿ ವಿನೆಗರ್, ಎಸಿ ನೀರು ಸಮಪಾಲು. ಬಟ್ಟೆ ಅದ್ದಿ ತಣ್ಣನೆಯ ಬಣ್ಣದ ಮೇಲೆ ಎರಡು ನಿಮಿಷ ಹಾಸಿ, ಆರುವ ಮುನ್ನ ಎತ್ತಿ ಶಾಂಪೂ ನೀರಿನಲ್ಲಿ ತೊಳೆಯಿರಿ. ಕ್ರೋಮ್, ಅಲ್ಯೂಮಿನಿಯಂಗೆ ತಾಗಿಸಬೇಡಿ. ನಮ್ಮ ಕಲ್ಲುನೆಲದ ಬೋರ್ ನೀರಿನಲ್ಲಿ ಸಿಲಿಕಾ ಕೂಡ ಇರುತ್ತದೆ, ಅದು ವಿನೆಗರ್‌ಗೆ ಜಗ್ಗದು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಹಿಡಿದರೆ ಕಲೆಯ ಜೊತೆಗೆ ಗೀರೂ ಉಳಿಯುತ್ತದೆ.

ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳಿಟ್ಟು ಸವರಿ ನೋಡಿ. ತರಿತರಿ ಅನಿಸಿದರೆ ಸುಣ್ಣ ಮೇಲೆಯೇ ಇದೆ. ನುಣುಪಾಗಿದ್ದೂ ಉಂಗುರ ಕಂಡರೆ ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನೇ ಅದು ಕೊರೆದಿದೆ, ಪಾಲಿಶ್ ಒಂದೇ ದಾರಿ. ಆ ಪದರದ ದಪ್ಪವೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಪ್ರತಿ ಪಾಲಿಶ್ ಅದನ್ನು ಇಷ್ಟಿಷ್ಟೇ ಸವೆಸುತ್ತದೆ. ಅಂಗಡಿಯವರ ಬಳಿ ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಗಾಡಿ ಕೊಡಬೇಡಿ.