ಸಹಾರಾದಲ್ಲಿ ತೇಲಿದ ಚೆಂಡು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್ ಎಂಬ ಊರಿನಲ್ಲಿ ಹಳೆಯದೊಂದು ಗಾಲ್ಫ್ ಮೈದಾನವಿದೆ. ಗಾಲ್ಫಿನಲ್ಲಿ ಚೆಂಡು ಹೊರಡುವ ಜಾಗದಿಂದ ಅದು ಬೀಳಬೇಕಾದ ಕುಳಿಯವರೆಗಿನ ಇಡೀ ಹಾದಿಗೂ ಕುಳಿ ಎಂದೇ ಹೆಸರು. ಇಲ್ಲಿನ ಐದನೆಯ ಕುಳಿಗೆ ಹಿಮಾಲಯ ಎಂದು ಹೆಸರು, ಹದಿನೇಳನೆಯದಕ್ಕೆ ಆಲ್ಪ್ಸ್. ನೋಡಿದರೆ ಎರಡೂ ಹುಲ್ಲು ಬೆಳೆದ ಮರಳ ದಿಬ್ಬಗಳೇ. ಆಲ್ಪ್ಸ್ ಈಚೆಗೆ ನಿಂತವನಿಗೆ ಗುರಿ ಕಾಣುವುದಿಲ್ಲ, ದಿಬ್ಬದ ಆಚೆಗೆ ಅಂದಾಜಿನ ಮೇಲೆ ಹೊಡೆಯಬೇಕು. ಆಚೆ ಕುಳಿಯ ಸುತ್ತಲಿನ ಹಸಿರು ಹಾಸು ಇದೆ, ಅದರ ಮುಂದೆಯೇ ಬಾಯ್ದೆರೆದುಕೊಂಡ ದೊಡ್ಡ ಮರಳುಗುಂಡಿ. ಅದರ ಹೆಸರು ಸಹಾರಾ. ಹೆಸರಿಟ್ಟವರಿಗೆ ಅಟ್ಲಾಸಿನ ಹುಚ್ಚು ಇತ್ತೇನೋ. 1899ರಲ್ಲಿ ಹವ್ಯಾಸಿ ಆಟಗಾರರ ಪಂದ್ಯಾವಳಿಯಾದ ಅಮೆಚೂರ್ ಚಾಂಪಿಯನ್‌ಶಿಪ್‌ನ ಫೈನಲ್ ಅಲ್ಲಿ ನಡೆದಾಗ ಆ ಸಹಾರಾದಲ್ಲಿ ನೀರು ನಿಂತಿತ್ತು.

ಒಂದು ಕಡೆ ಸ್ಕಾಟ್ಲೆಂಡಿನ ಫ್ರೆಡ್ಡಿ ಟೇಟ್. 29ರ ಹರೆಯದ ಸೈನ್ಯಾಧಿಕಾರಿ, 1896 ಮತ್ತು 1898ರಲ್ಲಿ ಇದೇ ಪಂದ್ಯಾವಳಿ ಗೆದ್ದವನು. ಇನ್ನೊಂದು ಕಡೆ ಇಂಗ್ಲೆಂಡಿನ ಜಾನ್ ಬಾಲ್. 1890ರಲ್ಲಿ ವೃತ್ತಿಪರರನ್ನೂ ಸೋಲಿಸಿ, ಎಲ್ಲರೂ ಆಡಬಹುದಾದ ಓಪನ್ ಪಂದ್ಯಾವಳಿ ಗೆದ್ದ ಮೊದಲ ಹವ್ಯಾಸಿ ಆಟಗಾರ. ಆಡಬೇಕಾದದ್ದು 36 ಕುಳಿ, ಅಂದರೆ 18 ಕುಳಿಗಳ ಎರಡು ಸುತ್ತು. ಒಟ್ಟು ಎಷ್ಟು ಹೊಡೆತ ಎಂಬ ಲೆಕ್ಕ ಇಲ್ಲಿಲ್ಲ. ಒಂದೊಂದು ಕುಳಿಯೂ ಒಂದೊಂದು ಸಣ್ಣ ಕಾಳಗ. ಕಡಿಮೆ ಹೊಡೆತದಲ್ಲಿ ಮುಗಿಸಿದವನಿಗೆ ಆ ಕುಳಿ. ಮಧ್ಯಾಹ್ನದ ಊಟದ ಹೊತ್ತಿಗೆ ಟೇಟ್ 3 ಕುಳಿ ಮುಂದಿದ್ದ.

ಮೂರು ಕುಳಿ ಎಂದರೆ ಗೆದ್ದ ಹಾಗೆಯೇ ಅನ್ನಿಸುತ್ತದೆ. ನಾನು ಕಾಗದ ಪೆನ್ನು ಹಿಡಿದು ಒಂದು ಲೆಕ್ಕ ಹಾಕಿ ನೋಡಿದೆ. ಇಬ್ಬರೂ ಸಮಬಲರು, ಹತ್ತು ಕುಳಿಗಳಲ್ಲಿ ನಾಲ್ಕು ಸಮಸಮ ಆಗುತ್ತವೆ, ಉಳಿದವು ನಾಣ್ಯ ಚಿಮ್ಮಿದ ಹಾಗೆ ಯಾರಿಗಾದರೂ ಸಿಗುತ್ತವೆ ಎಂದುಕೊಳ್ಳಿ. ಆಗಲೂ ಮಿಕ್ಕ 18 ಕುಳಿಗಳಲ್ಲಿ ಹಿಂದಿದ್ದವನು ಆ ಮೂರನ್ನೂ ಅಳಿಸಿಹಾಕುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಅಳಿಸುವವನು ಜಾನ್ ಬಾಲ್ ಆದರೆ ಇನ್ನೂ ಹೆಚ್ಚೇ ಇದ್ದೀತು. ಮಧ್ಯಾಹ್ನ ಆದದ್ದೂ ಅದೇ. 35ನೆಯ ಕುಳಿ, ಅಂದರೆ ಎರಡನೆಯ ಸುತ್ತಿನ ಆಲ್ಪ್ಸ್, ತಲುಪುವಾಗ ಬಾಲ್ ಒಂದು ಮುಂದಿದ್ದ. ಇದನ್ನೂ ಕಳೆದುಕೊಂಡರೆ ಟೇಟ್‌ನ ಆಟ ಅಲ್ಲಿಗೇ ಮುಗಿಯಿತು. ಅಂಥ ಹೊತ್ತಿನಲ್ಲಿ ಅವನ ಚೆಂಡು ದಿಬ್ಬ ದಾಟಿ ಸಹಾರಾದ ನೀರಿಗೆ ಬಿದ್ದು ತೇಲುತ್ತಿತ್ತು. ಬಾಲ್‌ನ ಚೆಂಡೂ ಅದೇ ಗುಂಡಿಯಲ್ಲಿ, ಗೋಡೆಯ ಹತ್ತಿರ, ಗಟ್ಟಿಯಾದ ಒದ್ದೆ ಮರಳಿನ ಮೇಲೆ.

ಚೆಂಡು ತೇಲುತ್ತಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ. ಮೊದಲು ಈ ಹುಡುಗನ ಅಪ್ಪನ ವಿಷಯ ಹೇಳಬೇಕು.

ಅಪ್ಪ ಪೀಟರ್ ಗತ್ರಿ ಟೇಟ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ನ ಶಾಲಾ ಗೆಳೆಯ, ಇನ್ನೊಬ್ಬ ಹೆಸರಾಂತ ಭೌತವಿಜ್ಞಾನಿ ಕೆಲ್ವಿನ್ ಜೊತೆ ಸೇರಿ ಪಠ್ಯ ಬರೆದವರು, ಗಂಟುಗಳ ಗಣಿತಕ್ಕೆ ಬುನಾದಿ ಹಾಕಿದವರು. ಇಷ್ಟೆಲ್ಲ ಇದ್ದೂ ರಜೆ ಬಂತೆಂದರೆ ಸೇಂಟ್ ಆಂಡ್ರೂಸ್‌ನ ಮೈದಾನದಲ್ಲೇ ಬೀಡು. ಹಗಲು ಸಾಲದೆಂದು ಚೆಂಡಿಗೆ ಮಿನುಗುವ ರಂಜಕ ಬಳಿದು ರಾತ್ರಿ ಆಡಿ ನೋಡಿದರಂತೆ. ಜೊತೆಗಿದ್ದ ರಸಾಯನಶಾಸ್ತ್ರದ ಪ್ರೊಫೆಸರರ ಕೈಗವಸಿಗೇ ಬೆಂಕಿ ಹತ್ತಿ ಆ ಪ್ರಯೋಗ ನಿಂತಿತು. ರಂಜಕದ ಗುಣ ಉಳಿದವರಿಗಿಂತ ಚೆನ್ನಾಗಿ ಗೊತ್ತಿರಬೇಕಾದವರು ಅವರೇ ಆಗಿದ್ದರು!

ಅವರ ಬಗ್ಗೆ ಗಾಲ್ಫ್ ಲೋಕದಲ್ಲಿ ಒಂದು ಕಥೆ ಓಡಾಡುತ್ತದೆ. ಚೆಂಡು ಇಂತಿಷ್ಟು ಗಜಕ್ಕಿಂತ ದೂರ ಹಾರಲು ಸಾಧ್ಯವೇ ಇಲ್ಲ ಎಂದು ಅಪ್ಪ ಗಣಿತದಿಂದ ಸಾಧಿಸಿದರಂತೆ; ಮಗ ಮೈದಾನಕ್ಕೆ ಹೋಗಿ ಅದಕ್ಕಿಂತ ದೂರ ಹೊಡೆದು ತೋರಿಸಿದನಂತೆ. ಹೊಡೆತವಂತೂ ನಿಜ. 1893ರ ಜನವರಿ 11ರಂದು, ತನ್ನ ಹುಟ್ಟುಹಬ್ಬದ ದಿನವೇ, ಫ್ರೆಡ್ಡಿ ಹೊಡೆದ ಚೆಂಡು ಗಾಳಿಯಲ್ಲೇ ಸುಮಾರು 250 ಗಜ ಹೋಗಿ, ಹೆಪ್ಪುಗಟ್ಟಿದ ನೆಲದ ಮೇಲೆ ಇನ್ನಷ್ಟು ಉರುಳಿತ್ತು. ಆದರೆ ಕಥೆ ಅಪ್ಪನಿಗೆ ಅನ್ಯಾಯ ಮಾಡುತ್ತದೆ. ಗುರುತ್ವವನ್ನೂ ಗಾಳಿಯ ತಡೆಯನ್ನೂ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ತಪ್ಪುತ್ತದೆ ಎಂದು ಆ ಹೊತ್ತಿಗಾಗಲೇ ಬರೆದಿದ್ದವರು ಅವರೇ. ಒಳ್ಳೆಯ ಹೊಡೆತದ ಚೆಂಡು ಆರು ಸೆಕೆಂಡಿನಷ್ಟು ಹೊತ್ತು ಆಕಾಶದಲ್ಲಿರುತ್ತದೆ. ಮೊದಲರ್ಧ ನೇರ ಗೆರೆ ಎಳೆದ ಹಾಗೆ, ಒಮ್ಮೊಮ್ಮೆ ಮೇಲಕ್ಕೇ ಬಾಗುತ್ತಾ ಹೋಗುತ್ತದೆ. ಎಸೆದ ಕಲ್ಲು ಹಾಗೆ ಹೋಗುವುದಿಲ್ಲ. ಚೆಂಡನ್ನು ಏನೋ ಎತ್ತಿ ಹಿಡಿಯುತ್ತಿದೆ.

ಆ 'ಏನೋ' ತಿರುಗುವಿಕೆ ಎಂದು ಟೇಟ್ ಗುರುತಿಸಿದರು. ತಿರುಗುವುದನ್ನು ಅಳೆದ ಉಪಾಯ ನನಗೆ ಬಹಳ ಇಷ್ಟ. ಹೈಸ್ಪೀಡ್ ಕ್ಯಾಮೆರಾ ಇಲ್ಲದ ಕಾಲ. ಚೆಂಡಿಗೆ ಒಂದು ಹಗುರ ಪಟ್ಟಿ ಅಂಟಿಸಿ, ಇನ್ನೊಂದು ತುದಿಯನ್ನು ಬಿಗಿದು, ಕೆಲವೇ ಅಡಿ ದೂರದ ಜೇಡಿಮಣ್ಣಿನ ಗುಡ್ಡೆಗೆ ಚೆಂಡನ್ನು ಹೊಡೆಸಿದರು. ಚೆಂಡು ಮಣ್ಣಿನಲ್ಲಿ ಹೂತುಕೊಂಡ ಮೇಲೆ ಪಟ್ಟಿಯಲ್ಲಿ ಬಿದ್ದ ಸುತ್ತುಗಳನ್ನು ಎಣಿಸಿದರು, ಮುಗಿಯಿತು. ಚೆಂಡು ಹಿಮ್ಮುಖವಾಗಿ, ಅಂದರೆ ಅದರ ತಲೆ ಹೊಡೆದವನ ಕಡೆಗೆ ಉರುಳುವ ಹಾಗೆ ತಿರುಗುತ್ತಿತ್ತು.

ಹಾಗೆ ತಿರುಗುವ ಚೆಂಡಿನ ನೆತ್ತಿಯ ಮೇಲೆ ಗಾಳಿಯೂ ಚೆಂಡಿನ ಮೈಯೂ ಒಂದೇ ದಿಕ್ಕಿಗೆ ಹೋಗುತ್ತವೆ. ಗಾಳಿ ಅಲ್ಲಿ ಮೈಗೆ ಅಂಟಿಕೊಂಡು ಬೆನ್ನಿನವರೆಗೂ ಬಂದು ಕೆಳಮುಖವಾಗಿ ಬಿಟ್ಟುಹೋಗುತ್ತದೆ. ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿತು, ಗಾಳಿ ಚೆಂಡನ್ನು ಮೇಲಕ್ಕೆ ತಳ್ಳಿತು, ಲೆಕ್ಕ ಚುಕ್ತಾ. ಎರಪಳ್ಳಿ ಪ್ರಸನ್ನ ಅವರ ಬೌಲಿಂಗ್ ನೋಡಿದ ಹಿರಿಯರಿಗೆ ಇದರ ತದ್ವಿರುದ್ಧ ಗೊತ್ತು. ತೇಲಿಬಿಟ್ಟ ಚೆಂಡಿಗೆ ಮುಮ್ಮುಖ ತಿರುವೂ ಬೆರೆತಿದ್ದರೆ ಅದು ಬ್ಯಾಟ್ಸ್‌ಮನ್ ಮುಂದೆ ಬರುವಷ್ಟರಲ್ಲಿ ದಿಢೀರನೆ ಕುಸಿಯುತ್ತದೆ, ಅವನು ಎಣಿಸಿದ್ದಕ್ಕಿಂತ ಹಿಂದೆಯೇ ಪಿಚ್ ಆಗುತ್ತದೆ. ಪ್ರಸನ್ನರ ಚೆಂಡನ್ನು ತಿರುಗುಮುರುಗು ಮಾಡಿದರೆ ಫ್ರೆಡ್ಡಿಯ 250 ಗಜ. ಇಂದಿನ ವೃತ್ತಿಪರರ ದೊಡ್ಡ ಹೊಡೆತದಲ್ಲಿ ಚೆಂಡು ಸೆಕೆಂಡಿಗೆ 75 ಮೀಟರಿನಷ್ಟು ವೇಗದಲ್ಲಿ, ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಾ ಹೊರಡುತ್ತದೆ.

ಇನ್ನು ಆ ಚೆಂಡು. ಅದನ್ನು ಮಾಡುತ್ತಿದ್ದದ್ದು ಗಟ್ಟಾಪರ್ಚಾ ಎಂಬ ಮಲಯ ಕಡೆಯ ಮರದ ಹಾಲಿನಿಂದ. ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾದದ್ದೂ ಇದೇ. ಟೇಟ್ ಜೊತೆ ಪುಸ್ತಕ ಬರೆದ ಕೆಲ್ವಿನ್‌ಗೆ 'ಸರ್' ಬಿರುದು ಬಂದದ್ದು ಅಂಥ ತಂತಿಯ ಕೆಲಸಕ್ಕೆ. ನಿಮಗೆ ರೂಟ್ ಕೆನಾಲ್ ಆಗಿದ್ದರೆ ಬಾಯಲ್ಲಿ ಈಗಲೂ ಅದರ ಚೂರು ಇರಬಹುದು, ದಂತವೈದ್ಯರು ಹಲ್ಲಿನ ಬೇರಿಗೆ ತುಂಬುವುದು ಇದನ್ನೇ. 1848ರ ಸುಮಾರಿಗೆ ಈ ಚೆಂಡು ಬಂದಾಗ ಅಗ್ಗ ಎಂದು ಎಲ್ಲರಿಗೂ ಖುಷಿ. ಹಳೆಯದೋ, ತೊಗಲಿನೊಳಗೆ ಹಕ್ಕಿಯ ಪುಕ್ಕ ತುರುಕಿ ಹೊಲಿದದ್ದು, ದುಬಾರಿ. ಆದರೆ ನುಣ್ಣನೆಯ ಹೊಸ ಚೆಂಡು ಸ್ವಲ್ಪ ದೂರ ಹೋಗಿ ಧೊಪ್ಪನೆ ಬೀಳುತ್ತಿತ್ತು. ನಾಲ್ಕು ದಿನ ಆಡಿ, ಪೆಟ್ಟು ತಿಂದು, ಮೈಯೆಲ್ಲ ಗಾಯವಾದ ಮೇಲೆ ಅದೇ ಚೆಂಡು ಚೆನ್ನಾಗಿ ಹಾರುತ್ತಿತ್ತು. ಆಟಗಾರರು ಕಾರಣಕ್ಕೆ ಕಾಯಲಿಲ್ಲ. ಸುತ್ತಿಗೆ ಹಿಡಿದು ಹೊಸ ಚೆಂಡಿಗೇ ಗೀರು ಹಾಕತೊಡಗಿದರು.

ಕಾರಣ ಸಿಕ್ಕಿದ್ದು 1904ರ ನಂತರ, ಪ್ರಾಂಟ್ಲ್ ಎಂಬ ಜರ್ಮನ್ ವಿಜ್ಞಾನಿ ಮೈಗೆ ಅಂಟಿದ ಗಾಳಿಯ ತೆಳುಪದರದ ವಿಚಾರ ಹೇಳಿದ ಮೇಲೆ. ನುಣುಪು ಚೆಂಡಿನಲ್ಲಿ ಈ ಪದರ ಬೇಗ ಕಿತ್ತುಕೊಂಡು ಹೋಗುತ್ತದೆ. ಚೆಂಡಿನ ಹಿಂದೆ ಅಗಲವಾದ ಸುಳಿ, ಕಡಿಮೆ ಒತ್ತಡ, ಹಿಂದಕ್ಕೆ ಜಗ್ಗಾಟ. ಮೈ ಒರಟಾದರೆ ಪದರದೊಳಗೆ ಗಾಳಿ ಗಲಿಬಿಲಿಯಾಗುತ್ತದೆ. ಗಲಿಬಿಲಿಯಾದ ಪದರಕ್ಕೆ ಹೊರಗಿನ ವೇಗದ ಗಾಳಿಯಿಂದ ಕಸುವು ಸಿಗುತ್ತದೆ, ಹಾಗಾಗಿ ಅದು ಇನ್ನೂ ಹಿಂದಿನವರೆಗೆ ಅಂಟಿಕೊಂಡೇ ಹೋಗುತ್ತದೆ. ಸುಳಿ ಕಿರಿದು, ಜಗ್ಗಾಟ ಸುಮಾರು ಅರ್ಧ. ಇಂದಿನ ಚೆಂಡಿನ ಮೇಲೆ ಮುನ್ನೂರರಿಂದ ಐನೂರು ಸಣ್ಣ ಗುಳಿಗಳಿರುವುದು ಇದಕ್ಕೇ. ವಿಲಿಯಂ ಟೇಲರ್ ಎಂಬ ಇಂಗ್ಲಿಷ್ ತಯಾರಕ 1905ರಲ್ಲಿ ಅವಕ್ಕೆ ಪೇಟೆಂಟ್ ಪಡೆದ.

ಬೆಂಗಳೂರಿನ ಸ್ಯಾಂಕಿ ರಸ್ತೆಯ ಗಾಲ್ಫ್ ಮೈದಾನದ ಎತ್ತರದ ಬಲೆಯನ್ನು ಬಸ್ಸಿನಿಂದ ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿ ಪ್ರೆಸ್ಟ್‌ವಿಕ್‌ಗಿಂತ ಹತ್ತರಲ್ಲೊಂದು ಪಾಲಿನಷ್ಟಾದರೂ ತೆಳು. ತಡೆ ಕಡಿಮೆ ಎಂದು ಚೆಂಡು ಅಷ್ಟೂ ಪಾಲು ಹೆಚ್ಚು ದೂರ ಹೋಗುವುದಿಲ್ಲ. ಎತ್ತಿ ಹಿಡಿಯುವ ಗಾಳಿಯೂ ಕಡಿಮೆಯಾಯಿತಲ್ಲ. ಕೆಲವು ಗಜ ಲಾಭ, ಅಷ್ಟೇ.

ಸಹಾರಾಕ್ಕೆ ಮರಳೋಣ. ಮರಳುಗುಂಡಿಯಿಂದ ಚೆಂಡು ಎತ್ತುವವರು ಸಾಮಾನ್ಯವಾಗಿ ಚೆಂಡಿಗೇ ಹೊಡೆಯುವುದಿಲ್ಲ. ಒಂದೆರಡು ಅಂಗುಲ ಹಿಂದೆ ಮರಳಿಗೆ ಹೊಡೆದರೆ, ಸಿಡಿದ ಮರಳು ಚೆಂಡನ್ನು ಹೊತ್ತುಕೊಂಡು ಹೊರಬರುತ್ತದೆ. ಒಣ ಮರಳು ಇದಕ್ಕೆ ಒಪ್ಪುತ್ತದೆ. ಬಾಲ್‌ಗೆ ಸಿಕ್ಕಿದ್ದು ಒದ್ದೆ ಮರಳು. ಮಲ್ಪೆಯಲ್ಲೋ ಗೋಕರ್ಣದಲ್ಲೋ ಅಲೆ ಬಂದು ಹೋದ ಅಂಚಿನಲ್ಲಿ ನಡೆದವರಿಗೆ ಅದು ಗೊತ್ತು: ಮೇಲಿನ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ಅಂಚಿನಲ್ಲಿ ಸಿಮೆಂಟಿನ ಹಾಗೆ ಗಟ್ಟಿ. ಕಾಲಿಟ್ಟ ಕೂಡಲೇ ಸುತ್ತಲಿನ ಮರಳು ಒಂದು ಕ್ಷಣ ಒಣಗಿದಂತೆ ಬೆಳ್ಳಗಾಗುವುದನ್ನೂ ನೋಡಿರುತ್ತೀರಿ. ಒತ್ತಾಗಿ ಕೂತ ಕಣಗಳು ಜರುಗಬೇಕಾದರೆ ಒಂದರ ಮೇಲೊಂದು ಹತ್ತಬೇಕು, ನಡುವಿನ ಜಾಗ ಹಿಗ್ಗುತ್ತದೆ, ನೀರು ಒಳಕ್ಕೆ ಇಳಿಯುತ್ತದೆ. ಓಸ್ಬೋರ್ನ್ ರೇನಾಲ್ಡ್ಸ್ ಎಂಬ ವಿಜ್ಞಾನಿ ಇದನ್ನು 1885ರಲ್ಲಿ ವಿವರಿಸಿದರು. ಅಂಥ ಮರಳಿಗೆ ಕೋಲು ಬಡಿದರೆ ಸಿಡಿಯುವುದಿಲ್ಲ, ಕೋಲೇ ಪುಟಿಯುತ್ತದೆ. ಬಾಲ್ ಚೆಂಡನ್ನೇ ನೇರವಾಗಿ ಎತ್ತಬೇಕಿತ್ತು, ಅದೂ ಎದುರಿಗೇ ಗೋಡೆ ಇಟ್ಟುಕೊಂಡು.

ಟೇಟ್‌ನ ಪಾಡು ಬೇರೆ. ಅವನು ನೀರಿಗಿಳಿದ. ಕಾಲಿಟ್ಟರೆ ಅಲೆ ಏಳುತ್ತದೆ, ಅಲೆ ಎದ್ದರೆ ಚೆಂಡು ಕದಲುತ್ತದೆ. ಗಟ್ಟಾಪರ್ಚಾ ನೀರಿಗಿಂತ ತುಸುವೇ ಹಗುರ. ಮಂಜುಗಡ್ಡೆಯ ಹಾಗೆ ಮೈಯೆಲ್ಲ ಒಳಗೆ, ನೆತ್ತಿ ಮಾತ್ರ ಹೊರಗೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಕೋಲು ಅದರೊಳಗೆ ಹೊಕ್ಕ ಕೂಡಲೇ ವೇಗ ಕುಸಿಯುತ್ತದೆ. ಇದಕ್ಕೆ ಅಭ್ಯಾಸ ಎಂಬುದೇ ಇಲ್ಲ. ಹೊಡೆಯುವಾಗ ತಿದ್ದಿಕೊಳ್ಳೋಣ ಎಂದರೆ, ಮೈದಾನದ ಮೇಲೆ ಕೋಲಿಗೂ ಚೆಂಡಿಗೂ ಇರುವ ಒಡನಾಟವೇ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಪೆಟ್ಟಿನ ಸುದ್ದಿ ಕೈಯಿಂದ ಮಿದುಳಿಗೆ ಮುಟ್ಟುವ ಮೊದಲೇ ಚೆಂಡು ಹೋಗಿರುತ್ತದೆ. ಆದರೂ ಹೊಡೆಯಲೇಬೇಕಿತ್ತು. ಇಂಥ ಪಂದ್ಯದಲ್ಲಿ ಒಂದು ಕುಳಿಯನ್ನು ಒಂದು ಹೊಡೆತದಿಂದ ಸೋತರೂ ಐದರಿಂದ ಸೋತರೂ ನಷ್ಟ ಒಂದೇ, ಹಾಗಾಗಿ ಎಚ್ಚರಿಕೆಗೆ ಬೆಲೆಯಿಲ್ಲ. ಟೇಟ್ ಬೀಸಿದ. ನೀರು ಚಿಮ್ಮಿತು, ಚೆಂಡು ಎದ್ದು ಹಸಿರಿನ ಮೇಲೆ ಬಿತ್ತು. ಆಮೇಲೆ ಬಾಲ್ ಅಷ್ಟೇ ತಣ್ಣಗೆ ತನ್ನ ಚೆಂಡನ್ನೂ ಎತ್ತಿದ. ಕುಳಿ ಸಮಸಮ. ಗಾಲ್ಫ್ ಬಲ್ಲವರು ಟೇಟ್‌ನ ಹೊಡೆತವನ್ನೇ ಹೆಚ್ಚು ಕೊಂಡಾಡುತ್ತಾರೆ. ನನ್ನ ಮಟ್ಟಿಗೆ ಬಾಲ್‌ನದೇ ಒಂದು ತೂಕ ಹೆಚ್ಚು. ಎದುರಾಳಿ ಅಂಥದ್ದನ್ನು ಮಾಡಿ ತೋರಿಸಿದ ಮೇಲೆ ಹೊಡೆಯುವುದು ಸುಲಭವಲ್ಲ.

ಕೊನೆಯ ಕುಳಿಯನ್ನು ಟೇಟ್ ಗೆದ್ದ, ಪಂದ್ಯ ಸಮವಾಯಿತು. ಮತ್ತೆ ಒಂದನೆಯ ಕುಳಿಗೆ ನಡೆದರು. ಬಲಕ್ಕೆ ಉದ್ದಕ್ಕೂ ರೈಲುಹಳಿ. ಎರಡನೆಯ ಹೊಡೆತದಲ್ಲೇ ಬಾಲ್ ಚೆಂಡನ್ನು ಕುಳಿಗೆ ಕೆಲವೇ ಅಡಿ ದೂರಕ್ಕೆ ತಂದ. ಎಂಟಡಿ ಎಂದಿಟ್ಟುಕೊಳ್ಳಿ, ಅಷ್ಟು ದೂರದಿಂದ ಇಂದಿನ ವೃತ್ತಿಪರರೂ ಎರಡಕ್ಕೆ ಒಂದು ತಪ್ಪುತ್ತಾರೆ. ಕುಳಿಯ ಅಗಲ 108 ಮಿಲಿಮೀಟರ್, ಎಂಟಡಿಯಿಂದ ಆಚೀಚೆ ಒಂದೂಕಾಲು ಡಿಗ್ರಿಗಿಂತ ಹೆಚ್ಚು ಓರೆಯಾಗುವಂತಿಲ್ಲ. ವೇಗಕ್ಕೂ ಮಿತಿಯಿದೆ: ಕುಳಿಯ ಬಾಯಿ ದಾಟುವಷ್ಟರಲ್ಲಿ ಚೆಂಡು ತನ್ನ ಅರ್ಧ ಎತ್ತರವಾದರೂ ಕೆಳಕ್ಕಿಳಿಯಬೇಕು, ಅದಕ್ಕೆ ಬೇಕಾದ ಹೊತ್ತು ಸೆಕೆಂಡಿನ ಹದಿನೈದನೇ ಒಂದು ಭಾಗ. ಹಾಗೆಂದರೆ ಸೆಕೆಂಡಿಗೆ ಸುಮಾರು 1.3 ಮೀಟರ್, ನಾವು ಸಾಮಾನ್ಯವಾಗಿ ನಡೆಯುವ ವೇಗ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೂದಲೆಳೆಯಷ್ಟರಲ್ಲಿ ಪದಕ ಕಳೆದುಕೊಂಡು ನಾಲ್ಕನೆಯವರಾದದ್ದು ಇಂಥದೇ ಒಂದು ಹೊಡೆತದ ಅಂತರದಲ್ಲಿ. ಬಾಲ್ ತಪ್ಪಲಿಲ್ಲ. 37ನೆಯ ಕುಳಿಯಲ್ಲಿ ಚಾಂಪಿಯನ್.

ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿನ ಡಚ್ ಮೂಲದವರಿಗೂ ನಡುವೆ ಬೋಯರ್ ಯುದ್ಧ ಶುರುವಾಯಿತು. ಇಬ್ಬರೂ ಅಲ್ಲಿಗೆ ಹೋದರು. ಫ್ರೆಡ್ಡಿ 1900ರ ಫೆಬ್ರವರಿಯಲ್ಲಿ ಕೂಡೂಸ್‌ಬರ್ಗ್ ಎಂಬಲ್ಲಿ ಗುಂಡೇಟಿಗೆ ಸತ್ತ, ಮೂವತ್ತು ತುಂಬಿ ತಿಂಗಳಾಗಿರಲಿಲ್ಲ. ಅಪ್ಪ ಆಮೇಲೆ ಚೇತರಿಸಿಕೊಳ್ಳಲಿಲ್ಲ, 1901ರ ಜುಲೈನಲ್ಲಿ ತೀರಿಕೊಂಡರು. ಬಾಲ್ ಹಿಂತಿರುಗಿ ಬಂದು ಅಮೆಚೂರ್ ಚಾಂಪಿಯನ್‌ಶಿಪ್ ಇನ್ನೂ ಮೂರು ಸಲ ಗೆದ್ದ. ಒಟ್ಟು ಎಂಟು, ಅದನ್ನು ಈವರೆಗೂ ಯಾರೂ ಮುಟ್ಟಿಲ್ಲ.

ಇನ್ನು ಆ ತೇಲಿದ ಚೆಂಡು. ಗಟ್ಟಾಪರ್ಚಾದ ಕಾಲ ಅಷ್ಟರಲ್ಲೇ ಮುಗಿಯುತ್ತಿತ್ತು. ರಬ್ಬರ್ ದಾರ ಸುತ್ತಿದ ಚೆಂಡು ಅಮೆರಿಕದಿಂದ ಹೊರಟಿತ್ತು. ಈಗಿನ ನಿಯಮದ ಪ್ರಕಾರ ಚೆಂಡು 45.93 ಗ್ರಾಂ ಮೀರುವಂತಿಲ್ಲ, ಅಡ್ಡಳತೆ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ತಯಾರಕರು ಎರಡೂ ಮಿತಿಗೆ ತಾಗಿಸಿಯೇ ಮಾಡುತ್ತಾರೆ. ಭಾಗಿಸಿ ನೋಡಿದರೆ ಸಾಂದ್ರತೆ ನೀರಿನ 1.13 ಪಟ್ಟು. ಸಹಾರಾದ ನೀರಿಗೆ ಅದು ಬಿದ್ದಿದ್ದರೆ ತಳ ಸೇರುತ್ತಿತ್ತು, ಟೇಟ್ 35ರಲ್ಲೇ ಸೋಲುತ್ತಿದ್ದ. ಸಮುದ್ರದ ನೀರಾದರೂ ಅದನ್ನು ಎತ್ತುವುದಿಲ್ಲ. ಅಡುಗೆಮನೆಯ ಉಪ್ಪುನೀರು ಎತ್ತುತ್ತದೆ: ಒಂದು ದೊಡ್ಡ ಲೋಟದಲ್ಲಿ ಚೆಂಡು ಮುಳುಗುವಷ್ಟು ನೀರು ತುಂಬಿ, ಊಟದ ಚಮಚದಿಂದ ಉಪ್ಪು ಹಾಕಿ ಕದಡುತ್ತಾ ಹೋಗಿ. ಮೂರನೆಯದೋ ನಾಲ್ಕನೆಯದೋ ಚಮಚಕ್ಕೆ ಚೆಂಡು ತಳ ಬಿಟ್ಟು ನಿಧಾನವಾಗಿ ಮೇಲೆ ಬಂದು, ನೆತ್ತಿಯಷ್ಟೇ ಹೊರಗಿಟ್ಟು ನಿಲ್ಲುತ್ತದೆ. ಟೇಟ್ ನೀರಿಗಿಳಿದು ನೋಡಿದ್ದು ಹೆಚ್ಚುಕಡಿಮೆ ಅದನ್ನೇ.